ಉಪ್ಪುನೀರಿನಲ್ಲಿ ಹಡಗಿನ ತಳ ಕಾದ ಕಥೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ಬರೆಯುತ್ತಾರೆ. ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಬರೆಯುತ್ತಾರೆ. ಇನ್ನು ನಮಗೆ ಉಳಿದಿದ್ದೇನು? ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕಿಳಿದವರು ನಾವು. ಆದರೂ ಹಳೆಯ ಕಾಲದ ಸಂಗತಿಗಳನ್ನು ಓದುವ ಚಟ ಮೊದಲಿನಿಂದಲೂ ಉಂಟು. ಆದ್ದರಿಂದ ಚರಿತ್ರೆಯ ಒಂದು ಸಂಗತಿಯನ್ನೇ ಬರೆಯುತ್ತೇವೆ ಅಂದೆವು. ಏನು ವಿಷಯ ಅಂತ ಕೇಳಿದರು. ಹಡಗಿನ ತಳ ಅಂದೆವು. ಎಲ್ಲರೂ ನಕ್ಕರು. ಮಲ್ಲಿಪಟ್ಟಣಕ್ಕೂ ಹಡಗಿಗೂ ಎಲ್ಲಿಯ ಸಂಬಂಧ, ಕೆರೆಯಲ್ಲಿ ಹಡಗು ಬಿಡ್ತೀರಾ ಅಂತ ಒಬ್ಬರು ಕೇಳಿಯೂಬಿಟ್ಟರು. ಸಂಬಂಧ ಇದೆ. ನಮ್ಮ ಸಂಘದ ಗೋದಾಮಿನಲ್ಲೇ ಇದೆ. ಸ್ವಲ್ಪ ತಾಳ್ಮೆಯಿಂದ ಓದಬೇಕು.

ಕೆಲವು ವರ್ಷದ ಹಿಂದೆ, ಸುಗ್ಗಿ ಮುಗಿದ ಮೇಲೆ, ನಾವು ಕೆಲವರು ಸೇರಿ ಒಂದು ಬಸ್ಸು ಮಾಡಿಕೊಂಡು ಧರ್ಮಸ್ಥಳ, ಉಡುಪಿ, ಮುರುಡೇಶ್ವರ ನೋಡಿಕೊಂಡು ಕಾರವಾರದವರೆಗೂ ಹೋಗಿ ಬಂದೆವು. ಉಡುಪಿಯಲ್ಲಿ ಕೃಷ್ಣನ ದರ್ಶನವಾದ ಮೇಲೆ ಸಮುದ್ರ ನೋಡಲೇಬೇಕು ಎಂದು ಮಲ್ಪೆಗೆ ಹೋದೆವು. ಹೆಂಗಸರು ಮಕ್ಕಳು ಅಲೆಯ ಕಡೆ ಹೋದರು. ನಾವು ಮೂರು ನಾಲ್ಕು ಜನ ಬೋಟು ರಿಪೇರಿ ಮಾಡುವ ಜಾಗದ ಕಡೆ ನಡೆದೆವು. ಅಲ್ಲಿ ಒಂದು ದೊಡ್ಡ ಬೋಟನ್ನು ದಡಕ್ಕೆ ಎಳೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ್ದರು. ನೀರಿನ ಮೇಲೆ ಇರುವ ಭಾಗ ಬಣ್ಣಬಣ್ಣವಾಗಿ ಮದುವಣಗಿತ್ತಿಯ ಹಾಗೆ ಇತ್ತು. ನೀರಿನ ಒಳಗೆ ಇರುವ ತಳ ನೋಡಿದರೆ ಅಸಹ್ಯ. ಬಿಳಿಯ ಚಿಪ್ಪುಗಳು ಒಂದರ ಮೇಲೊಂದು ಹತ್ತಿ, ಅದರ ಮೇಲೆ ಪಾಚಿ ಜೋತು, ನಾರುತ್ತಿತ್ತು. ನಮ್ಮ ಜೊತೆಗಿದ್ದ ಹಿರಿಯರೊಬ್ಬರು, "ಇದೇನು, ಹಲಸಿನ ಮರಕ್ಕೆ ಬಂದಳಿಕೆ ಹತ್ತಿದ ಹಾಗೆ ಹತ್ತೈತಲ್ಲ" ಅಂದರು. ಹೋಲಿಕೆ ಸರಿಯಾಗಿಯೇ ಇತ್ತು. ಕೆರೆಯುತ್ತಿದ್ದವರು ತಲೆಯೆತ್ತಿ, "ಇದು ವರ್ಷ ವರ್ಷದ ಕೆಲಸ ಮಾರಾಯ್ರೆ. ಬಿಟ್ರೆ ಬೋಟು ಓಡುದಿಲ್ಲ, ಡೀಸೆಲ್ ಮಾತ್ರ ಕುಡಿತದೆ" ಅಂದರು.

ಆ ಚಿಪ್ಪಿನ ಜೀವಿಗೆ ಬಾರ್ನಕಲ್ ಎಂದು ಹೆಸರು. ನೋಡಲು ಕಲ್ಲಿನ ಹಾಗಿದ್ದರೂ ಇದು ಸೀಗಡಿ, ಏಡಿಗಳ ಜಾತಿಗೆ ಸೇರಿದ ಪ್ರಾಣಿ. ಮರಿಯಾಗಿದ್ದಾಗ ನೀರಿನಲ್ಲಿ ಈಜಾಡುತ್ತಿರುತ್ತದೆ. ಸರಿಯಾದ ಜಾಗ ಸಿಕ್ಕಿದ ಕೂಡಲೇ ತಲೆ ಕೆಳಗೆ ಮಾಡಿ ತಾನೇ ತಯಾರಿಸಿದ ಗೋಂದಿನಿಂದ ಅಂಟಿಕೊಳ್ಳುತ್ತದೆ. ಸುತ್ತ ಸುಣ್ಣದ ಮನೆ ಕಟ್ಟಿಕೊಳ್ಳುತ್ತದೆ. ಆಮೇಲೆ ಸಾಯುವ ತನಕ ಅಲ್ಲಿಂದ ಏಳುವುದಿಲ್ಲ, ಕಾಲುಗಳನ್ನು ಮೇಲಕ್ಕೆ ಬೀಸಿ ಆಹಾರ ಬಾಚಿಕೊಳ್ಳುತ್ತದೆ. ಇಂಥ ಲಕ್ಷಾಂತರ ಜೀವಿಗಳು ತಳಕ್ಕೆ ಹತ್ತಿದರೆ ನುಣ್ಣಗಿದ್ದ ತಳ ತುರಿಯುವ ಮಣೆಯ ಹಾಗೆ ಆಗುತ್ತದೆ, ನೀರು ಹಿಡಿದು ಎಳೆಯುತ್ತದೆ. ವಿಪರೀತ ಕಟ್ಟಿಕೊಂಡರೆ ದೊಡ್ಡ ಹಡಗಿಗೆ ಅದೇ ವೇಗದಲ್ಲಿ ಹೋಗಲು ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಎಂಜಿನ್ ಶಕ್ತಿ ಬೇಕಾಗಬಹುದು. ಬೋಟಿನವರು ಡೀಸೆಲ್ ಕುಡಿತದೆ ಅಂದದ್ದು ಇದನ್ನೇ.

ಇದು ಒಂದು ಶತ್ರು. ಎರಡನೆಯದು ಮರ ತಿನ್ನುವ ಹಡಗು ಹುಳ. ಹುಳ ಅಂತ ಹೆಸರೇ ಹೊರತು ಅದೂ ಒಂದು ಚಿಪ್ಪಿನ ಜಾತಿಯೇ. ನಮ್ಮ ತೊಲೆಗೆ ಗೆದ್ದಲು ಹಿಡಿದ ಹಾಗೆ ಒಳಗೊಳಗೇ ಕೊರೆಯುತ್ತದೆ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಮರವೆಲ್ಲ ಜಾಲರಿ. ಮೂರನೆಯ ಶತ್ರು ತುಕ್ಕು. ಅದನ್ನು ನಿಮಗೆ ಪರಿಚಯಿಸುವ ಅಗತ್ಯ ಇಲ್ಲ. ಪೊಟ್ಯಾಷ್ ಚೀಲ ಒರಗಿಸಿಟ್ಟ ಕಡೆ ಗೋದಾಮಿನ ಶಟರ್ ಏನಾಗುತ್ತದೆ ಎಂದು ಸಂಘಕ್ಕೆ ಬರುವವರೆಲ್ಲ ನೋಡಿದ್ದೀರಿ. ಪೊಟ್ಯಾಷ್ ಕೂಡ ಒಂದು ಜಾತಿಯ ಉಪ್ಪೇ. ಸಮುದ್ರದಲ್ಲಿ ಅಂಥ ಉಪ್ಪಿನಲ್ಲೇ ಕಬ್ಬಿಣ ಹಗಲೂ ರಾತ್ರಿ ನೆನೆಯಬೇಕು.

ಈ ಮೂರರ ಜೊತೆ ಮನುಷ್ಯ ಸಾವಿರಾರು ವರ್ಷದಿಂದ ಗುದ್ದಾಡುತ್ತಿದ್ದಾನೆ. ನಮ್ಮ ನಾಡಿನ ಕರಾವಳಿಯವರೂ ಗುದ್ದಾಡಿದ್ದಾರೆ. ಅದರ ಚರಿತ್ರೆಯೇ ಈ ಲೇಖನ.

ಮೊದಲು ನಮ್ಮ ಹತ್ತಿರದ ದೋಣಿಯಿಂದ ಶುರು ಮಾಡೋಣ. ನಮ್ಮ ತಂದೆಯವರ ಕಾಲದಲ್ಲಿ ಹೇಮಾವತಿಯನ್ನೂ, ರಾಮನಾಥಪುರದ ಕಡೆ ಕಾವೇರಿಯನ್ನೂ ಹರಿಗೋಲಿನಲ್ಲಿ ದಾಟುತ್ತಿದ್ದರು. ಬಿದಿರಿನ ದೊಡ್ಡ ಬುಟ್ಟಿ, ಅದಕ್ಕೆ ಹೊರಗಡೆ ಚರ್ಮದ ಹೊದಿಕೆ. ಆಮೇಲಾಮೇಲೆ ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂತು. ಹರಿಗೋಲಿನವನು ದಡಕ್ಕೆ ಬಂದ ಮೇಲೆ ಅದನ್ನು ಬೋರಲು ಹಾಕಿ ಒಣಗಿಸುತ್ತಿದ್ದ. ಸಿಹಿನೀರಿನಲ್ಲಿ ಬಾರ್ನಕಲ್ ಕಾಟ ಇಲ್ಲ, ಕೊಳೆಯದ ಹಾಗೆ ನೋಡಿಕೊಂಡರೆ ಸಾಕಾಗಿತ್ತು. ಕರಾವಳಿಯವರು ಸಿಹಿನೀರಿನ ಈ ಗುಣವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ದೋಣಿಯನ್ನು ಹೊಳೆಯ ಒಳಗೆ ಮೇಲಕ್ಕೆ ತಂದು ಸಿಹಿನೀರಿನಲ್ಲಿ ಕೆಲವು ದಿನ ಕಟ್ಟಿಹಾಕಿದರೆ ಉಪ್ಪುನೀರಿನ ಹುಳುಗಳು ಸಾಯುತ್ತವೆ. ಬಿಸಿಲೆ ಘಾಟಿನ ಏಣಿನಲ್ಲಿ ಒಂದು ಕಡೆ ಬಿದ್ದ ಮಳೆ ನಮ್ಮ ಹೇಮಾವತಿಗೂ, ಇನ್ನೊಂದು ಕಡೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೂ ಹೋಗುತ್ತದೆ. ನಮ್ಮ ಜಿಲ್ಲೆಯ ಅಂಚಿನ ಮಳೆನೀರು ಮಂಗಳೂರಿನ ದೋಣಿಗಳ ಹುಳು ಕೊಂದಿದೆ ಅಂತ ಇಟ್ಟುಕೊಳ್ಳಿ. ಸಂಬಂಧ ಇಲ್ಲ ಅಂದವರಿಗೆ ಇದು ಮೊದಲನೇ ಉತ್ತರ.

ಹಳೆಯ ಕಾಲದ ನಮ್ಮ ಪಶ್ಚಿಮ ಕರಾವಳಿಯ ಹಡಗುಗಳಿಗೆ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ. ಹಲಗೆಗಳಿಗೆ ಅಂಚಿನಲ್ಲಿ ತೂತು ಮಾಡಿ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಎಂಬ ಪ್ರವಾಸಿ ಈ ಕಡಲಿನ ಹೊಲಿದ ಹಡಗುಗಳ ವಿಚಾರ ಬರೆದಿಟ್ಟಿದ್ದಾನೆ. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದರೆ ಒಡೆಯುತ್ತದೆ, ಹೊಲಿದದ್ದು ಬಾಗಿ ತಡೆದುಕೊಳ್ಳುತ್ತದೆ ಎಂದು ಅವನ ಅಭಿಪ್ರಾಯ. ನಮಗೆ ಕಾಣುವುದು ಇನ್ನೊಂದು ಲಾಭ. ಮೊಳೆಯೇ ಇಲ್ಲದ ಮೇಲೆ ತುಕ್ಕು ಎಲ್ಲಿಂದ ಬರಬೇಕು?

ಇನ್ನು ಬಳಿಯುವ ಎಣ್ಣೆಗಳು. ಮೀನೆಣ್ಣೆ, ಸುರಹೊನ್ನೆ ಬೀಜದ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಧೂಪದ ಮರದ ಅಂಟು ಇವನ್ನೆಲ್ಲ ಕರಾವಳಿಯವರು ದೋಣಿಗೆ ಬಳಸಿದ್ದಾರೆ. (ನಮ್ಮ ಕಡೆ ಹೊನ್ನೆ ಅಂದರೆ ಮರಮುಟ್ಟಿಗೆ ಕೊಯ್ಯುವ ಮರ. ಇದು ಅದಲ್ಲ, ಕಡಲ ದಂಡೆಯಲ್ಲಿ ಬೆಳೆಯುವ ಬೇರೆ ಜಾತಿ.) ಗೇರಿನ ಸಿಪ್ಪೆಯ ಎಣ್ಣೆ ಕೈಗೆ ತಗುಲಿದರೆ ಚರ್ಮ ಸುಲಿಯುತ್ತದೆ. ಮನುಷ್ಯನ ಚರ್ಮವನ್ನೇ ಬಿಡದ್ದು ಹುಳವನ್ನು ಬಿಟ್ಟೀತೆ? ದೊಡ್ಡ ಹಡಗುಗಳಿಗೆ ಸುಣ್ಣ ಮತ್ತು ಎಣ್ಣೆಯನ್ನು ಕಲಸಿ ಚೆನ್ನಾಗಿ ಕುಟ್ಟಿ ದಪ್ಪಗೆ ಮೆತ್ತುತ್ತಿದ್ದರು. ಮಾರ್ಕೊ ಪೋಲೊ ಕೂಡ ಹದಿಮೂರನೇ ಶತಮಾನದಲ್ಲಿ ಭಾರತಕ್ಕೆ ವ್ಯಾಪಾರಕ್ಕೆ ಬರುವ ಹಡಗುಗಳಿಗೆ ಸುಣ್ಣ, ನಾರು, ಮರದ ಎಣ್ಣೆ ಕುಟ್ಟಿ ಬಳಿಯುವುದನ್ನು ಹೇಳಿದ್ದಾನೆ. ನಮ್ಮ ಹಳೇ ಮನೆಗಳ ಗಾರೆ ಗೊತ್ತಿರುವವರಿಗೆ ಸುಣ್ಣದ ಮಹಿಮೆ ಹೇಳಬೇಕಾಗಿಲ್ಲ.

ಮರದ ವಿಚಾರವೂ ಹೇಳಬೇಕು. ಇಂಗ್ಲಿಷರ ಓಕ್ ಮರದಲ್ಲಿ ಹುಳಿ ಅಂಶ ಇದೆ, ಅದು ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ನಮ್ಮ ತೇಗದಲ್ಲಿ ಎಣ್ಣೆ ಇದೆ, ಅದು ಮೊಳೆಯನ್ನು ಕಾಯುತ್ತದೆ. ಈ ಗುಟ್ಟು ತಿಳಿದ ಮೇಲೆ ಬಿಳಿಯರು ನಮ್ಮ ಘಟ್ಟದ ಕಾಡುಗಳ ಮೇಲೆ ಕಣ್ಣು ಹಾಕಿದರು. ದಾಂಡೇಲಿಯ ತೇಗ ಕಾಳಿ ನದಿಯಲ್ಲಿ ತೇಲಿ ಸಮುದ್ರಕ್ಕೆ ಹೋಯಿತು. ಮುಂಬಯಿಯಲ್ಲಿ ಪಾರ್ಸಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಟ್ರಿಂಕೋಮಲಿ ಎಂಬ ಯುದ್ಧದ ಹಡಗು 1817ರಲ್ಲಿ ನೀರಿಗಿಳಿಯಿತು. ಇನ್ನೂರು ವರ್ಷ ದಾಟಿದ ಮೇಲೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ಅದನ್ನು ಜನ ಹತ್ತಿ ನೋಡುತ್ತಾರೆ. ನಮ್ಮ ಮನೆಯ ತೇಗದ ಬಾಗಿಲಿಗೆ ಇನ್ನೂ ನೂರು ವರ್ಷವೂ ಆಗಿಲ್ಲ, ಆಗಲೇ ನಮ್ಮ ಹುಡುಗ ಬದಲಾಯಿಸಬೇಕು ಅಂತಾನೆ.

ಈಗ ತಾಮ್ರದ ಕಥೆಗೆ ಬರೋಣ. ಮುಖ್ಯ ಸಂಗತಿ ಇರುವುದು ಇಲ್ಲೇ.

ಇಂಗ್ಲಿಷರ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆಲ್ಲ ತೆಳ್ಳಗಿನ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ಕಡೆಗೆ ಕಳಿಸಿತು. ಅದು ವಾಪಸ್ಸು ಬಂದ ಮೇಲೆ 1763ರಲ್ಲಿ ಪರೀಕ್ಷೆ ಮಾಡಿದರು. ತಳ ಕನ್ನಡಿಯ ಹಾಗೆ ಇತ್ತು, ಹುಳವೂ ಇಲ್ಲ, ಚಿಪ್ಪೂ ಇಲ್ಲ. ಎಲ್ಲರಿಗೂ ಸಂತೋಷ. ಆದರೆ ತಗಡು ಎತ್ತಿ ನೋಡಿದರೆ ಒಳಗಿನ ಕಬ್ಬಿಣದ ಮೊಳೆಗಳು, ಬೋಲ್ಟುಗಳು ಕರಗಿ ಹಿಟ್ಟಾಗಿದ್ದವು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಹಲಗೆಗಳೇ ಕಳಚಿಕೊಳ್ಳುತ್ತಿದ್ದವು. ಒಂದು ವಿಚಿತ್ರ ಏನೆಂದರೆ, ತಗಡು ಸುತ್ತಿಕೊಂಡು ಬಂದಿದ್ದ ಕಂದು ಕಾಗದ ಕೆಲವು ಕಡೆ ಹರಿಯದೆ ಮೊಳೆಗೂ ತಾಮ್ರಕ್ಕೂ ನಡುವೆ ಹಾಗೇ ಸಿಕ್ಕಿಕೊಂಡಿತ್ತು. ಅಂಥ ಕಡೆ ಮಾತ್ರ ಮೊಳೆ ಹೊಸದರ ಹಾಗೇ ಇತ್ತು.

ಯಾಕೆ ಹೀಗಾಯಿತು? ಇದಕ್ಕೆ ಕಾಲೇಜು ಓದಬೇಕಾಗಿಲ್ಲ. ನೀವೆಲ್ಲರೂ ನೋಡಿದ್ದೀರಿ. ಆಲೂಗಡ್ಡೆಗೆ ಅಂಗಮಾರಿ ಬಂದಾಗ, ಅಡಿಕೆಗೆ ಕೊಳೆ ಬಂದಾಗ ಸಂಘದಿಂದ ಮೈಲುತುತ್ತ ಒಯ್ದು ಬೋರ್ಡೋ ದ್ರಾವಣ ಮಾಡುತ್ತೀರಲ್ಲ, ಒಂದು ಕೆ.ಜಿ. ತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕೋ ಸಾಲದೋ ಅಂತ ನೋಡಲು ಏನು ಮಾಡುತ್ತೀರಿ? ಚಾಕುವನ್ನೋ ಕುಡುಗೋಲನ್ನೋ ಒಂದು ನಿಮಿಷ ಅದ್ದಿ ತೆಗೆಯುತ್ತೀರಿ. ಕುಡುಗೋಲಿನ ಮೇಲೆ ಕೆಂಪಗೆ ಹತ್ತಿದರೆ ಸುಣ್ಣ ಇನ್ನೂ ಬೇಕು ಅಂತ ಲೆಕ್ಕ. ಆ ಕೆಂಪು ತಾಮ್ರ. ಅಷ್ಟು ತಾಮ್ರ ಹತ್ತಬೇಕಾದರೆ ಕುಡುಗೋಲಿನ ಕಬ್ಬಿಣ ಅಷ್ಟು ಕರಗಿ ನೀರಿಗೆ ಹೋಗಿದೆ ಅಂತ ಅರ್ಥ. ತಾಮ್ರ ಕಬ್ಬಿಣ ಎರಡೂ ಎದುರಾದ ಕಡೆ ಕಬ್ಬಿಣವೇ ಸೋಲುತ್ತದೆ. ತುತ್ತದ ನೀರನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬೇಡಿ ಅಂತ ಕೃಷಿ ಇಲಾಖೆಯವರು ಬಾಯಿ ಬಡಿದುಕೊಳ್ಳುವುದು ಇದಕ್ಕೇ. ಹಡಗಿನ ಸಂಗತಿಯೂ ಇದರ ಅಣ್ಣತಮ್ಮ. ಎರಡು ಬೇರೆ ಬೇರೆ ಲೋಹ ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ಇದ್ದರೆ ಅಲ್ಲೊಂದು ಬ್ಯಾಟರಿ ಹುಟ್ಟಿದ ಹಾಗೆ. ಅದರಲ್ಲಿ ಬಡವ ಕರಗುತ್ತಾನೆ. ಕಬ್ಬಿಣದ ಮುಂದೆ ತಾಮ್ರ ಶ್ರೀಮಂತ, ಸತುವಿನ ಮುಂದೆ ಕಬ್ಬಿಣ ಶ್ರೀಮಂತ. ಅಲಾರ್ಮ್ ಹಡಗಿನಲ್ಲಿ ಕಾಗದ ಎರಡನ್ನೂ ಮುಟ್ಟದ ಹಾಗೆ ತಡೆದದ್ದರಿಂದ ಆ ಮೊಳೆಗಳು ಬದುಕಿದವು.

ತಾಮ್ರಕ್ಕೆ ಚಿಪ್ಪು ಯಾಕೆ ಹತ್ತುವುದಿಲ್ಲ ಎನ್ನುವುದಕ್ಕೂ ಇದೇ ಮೈಲುತುತ್ತವೇ ಉತ್ತರ. ತಾಮ್ರ ಸಮುದ್ರದ ನೀರಿನಲ್ಲಿ ನಿಧಾನವಾಗಿ ಕಿಲುಬಿ ಕರಗುತ್ತಿರುತ್ತದೆ. ಬೂಷ್ಟಿಗೆ ಹೇಗೆ ತಾಮ್ರ ವಿಷವೋ ಬಾರ್ನಕಲ್ ಮರಿಗೂ ಹಾಗೇ ವಿಷ. ಫ್ರಾನ್ಸಿನ ಬೋರ್ಡೋ ಕಡೆ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ತುತ್ತ ಸುಣ್ಣ ಎರಚಿದ್ದ ಗಿಡಗಳಿಗೆ ರೋಗ ಬರಲಿಲ್ಲ ಎಂದು ಮಿಲಾರ್ಡೆ ಎಂಬ ಪಂಡಿತ ಗಮನಿಸಿ, 1885ರಲ್ಲಿ ಈ ದ್ರಾವಣವನ್ನು ಲೋಕಕ್ಕೆ ತಿಳಿಸಿದ. ಅದಕ್ಕೆ ನೂರು ವರ್ಷಕ್ಕೂ ಹಿಂದೆಯೇ ಹಡಗಿನವರು ಅದೇ ತಾಮ್ರವನ್ನು ತಳಕ್ಕೆ ಹೊದ್ದಿಸಿದ್ದರು. ಗೋದಾಮಿನಲ್ಲಿ ಸಂಬಂಧ ಇದೆ ಅಂದೆವಲ್ಲ, ಆ ನೀಲಿ ಚೀಲವೇ ಅದು.

ಮೊಳೆ ಸಮಸ್ಯೆ ಪೂರ್ತಿ ಬಗೆಹರಿಯುವ ಮುಂಚೆಯೇ, 1779ರಿಂದ ಎರಡು ಮೂರು ವರ್ಷದಲ್ಲಿ ಇಂಗ್ಲಿಷರು ಯುದ್ಧದ ಅವಸರದಲ್ಲಿ ತಮ್ಮ ಪಡೆಗೆಲ್ಲ ತಾಮ್ರ ಹೊದಿಸಿಬಿಟ್ಟರು. ಆ ಯುದ್ಧ ನಮ್ಮ ಮೈಸೂರು ಸೀಮೆಯವರೆಗೂ ಬಂದಿತ್ತು. ಹೈದರಾಲಿ 1763ರಲ್ಲಿ ಬಿದನೂರು ಗೆದ್ದ ಮೇಲೆ ಮಂಗಳೂರು ಅವನ ಕೈಗೆ ಬಂತು, ಅಲ್ಲಿ ಹಡಗು ಕಟ್ಟಿಸತೊಡಗಿದ. 1768ರಲ್ಲಿ ಇಂಗ್ಲಿಷರು ಮಂಗಳೂರಿಗೆ ಬಂದು ಅವನ ಹಡಗುಗಳನ್ನು ಹಿಡಿದರು. ಅವನು ಮತ್ತೆ ಕಟ್ಟಿಸಿದ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಹ್ಯೂಸ್ ಬಂದು ಅವನ್ನೂ ಹಾಳು ಮಾಡಿ ಹೋದ. ಬೆಳೆದು ನಿಂತ ಪೈರು ಎರಡು ಸಲ ಆನೆ ತುಳಿದ ಹಾಗಾಯಿತು. 1782ರ ಜುಲೈನಲ್ಲಿ ಫ್ರೆಂಚರ ನೌಕಾಪಡೆಯ ಮುಖಂಡ ಸಫ್ರೇನ್ ಕಡಲೂರಿನ ಹತ್ತಿರ ಹೈದರನನ್ನು ಕಂಡ. ಈ ಸಫ್ರೇನನಿಗೆ ಇದ್ದ ಕೊರಗೇನು ಗೊತ್ತೆ? ಅವನ ಹಡಗುಗಳಲ್ಲಿ ಕೆಲವಕ್ಕೆ ತಾಮ್ರದ ತಳ ಇತ್ತು, ಕೆಲವಕ್ಕೆ ಇರಲಿಲ್ಲ. ಒಂದು ಗುಂಪಾಗಿ ಹೋಗಬೇಕಾದರೆ ಎಲ್ಲವೂ ನಿಧಾನದ ಹಡಗಿನ ಜೊತೆಗೇ ಹೋಗಬೇಕು. ಒಂದು ಎತ್ತು ಕುಂಟಿದರೆ ಗಾಡಿ ಏನಾಗುತ್ತದೆ ಅಂತ ನಮಗೆ ಗೊತ್ತಿದ್ದೇ.

ಟಿಪ್ಪು ಸುಲ್ತಾನನ ಬಗ್ಗೆ ನಾನಾ ಜನಕ್ಕೆ ನಾನಾ ಅಭಿಪ್ರಾಯ ಇದೆ. ಆ ತಂಟೆ ಈ ಸಂಚಿಕೆಯಲ್ಲಿ ಬೇಡ. ಹಡಗಿನ ವಿಷಯಕ್ಕೆ ಮಾತ್ರ ಹೇಳುವುದಾದರೆ, ಅವನು 1790ರ ದಶಕದಲ್ಲಿ ಸುಮಾರು ನಲವತ್ತು ಯುದ್ಧದ ಹಡಗು ಕಟ್ಟುವ ದೊಡ್ಡ ಯೋಜನೆ ಹಾಕಿದ. ಮಂಗಳೂರು ಮತ್ತು ಕಾರವಾರದ ಹತ್ತಿರದ ಸದಾಶಿವಗಡದ ಕಡೆ ಹಡಗು ಕಟ್ಟೆ ಮಾಡಿಸಲು ಆಜ್ಞೆ ಮಾಡಿದ. ಹಡಗುಗಳ ತಳಕ್ಕೆ ತಾಮ್ರ ಹೊದಿಸಬೇಕು ಎಂಬುದೂ ಅವನ ಆಜ್ಞೆ. ಈ ವಿದ್ಯೆ ಸಫ್ರೇನನ ಕಡೆಯಿಂದ ಬಂತು ಎಂದು ಹೇಳುತ್ತಾರೆ. ಘಟ್ಟದಲ್ಲಿ ಮರ ಇತ್ತು, ಕರಾವಳಿಯಲ್ಲಿ ಕಟ್ಟುವ ಬಡಗಿಗಳಿದ್ದರು, ತಳ ಹೇಗಿರಬೇಕು ಎಂಬ ತಿಳುವಳಿಕೆಯೂ ಬಂದಿತ್ತು. ಸಮಯ ಮಾತ್ರ ಇರಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಯೋಜನೆಯ ಬಹುಪಾಲು ಕಾಗದದಲ್ಲೇ ಉಳಿಯಿತು. ಅಂದ ಹಾಗೆ ತಾಮ್ರದ ಅದಿರು ನಮ್ಮ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿಯಲ್ಲೇ ಇದೆ, ಅಲ್ಲಿ ಗಣಿಯೂ ನಡೆದಿತ್ತು. ಟಿಪ್ಪುವಿನ ಹಡಗಿಗೂ ಅದಕ್ಕೂ ನಾವು ಗಂಟು ಹಾಕುತ್ತಿಲ್ಲ, ಗೊತ್ತಿರಲಿ ಅಂತ ಹೇಳಿದೆವು.

ಇನ್ನು ಈ ಚರಿತ್ರೆಯಲ್ಲಿ ನಮಗೆ ಬಹಳ ಹಿಡಿಸಿದ ಭಾಗ. ತಾಮ್ರ ಕರಗಿ ಕರಗಿ ಸವೆಯುತ್ತದೆ, ಖರ್ಚು ಜಾಸ್ತಿ, ಏನಾದರೂ ಉಪಾಯ ಮಾಡಿ ಎಂದು ಇಂಗ್ಲಿಷ್ ನೌಕಾಪಡೆಯವರು ಹಂಫ್ರಿ ಡೇವಿ ಎಂಬ ಮಹಾ ವಿಜ್ಞಾನಿಯನ್ನು ಕೇಳಿದರು. ಆತ 1824ರಲ್ಲಿ ಅಂದವಾದ ಉಪಾಯ ಹೇಳಿದ. ತಾಮ್ರಕ್ಕೆ ಅಲ್ಲಲ್ಲಿ ಸತುವಿನದೋ ಕಬ್ಬಿಣದ್ದೋ ಸಣ್ಣ ತುಂಡು ಕಟ್ಟಿ, ಬಡವ ಲೋಹ ತಾನು ಕರಗಿ ತಾಮ್ರವನ್ನು ಉಳಿಸುತ್ತದೆ ಅಂದ. ಹಾಗೇ ಆಯಿತು. ತಾಮ್ರ ಒಂದಿಷ್ಟೂ ಸವೆಯಲಿಲ್ಲ. ಆದರೆ ಹಡಗುಗಳು ವಾಪಸ್ಸು ಬಂದಾಗ ತಳದ ತುಂಬ ಚಿಪ್ಪು, ಪಾಚಿ! ತಾಮ್ರ ಕರಗಿದರೆ ತಾನೇ ವಿಷ, ಕರಗದೇ ಹೋದರೆ ಅದೂ ಒಂದು ಕಲ್ಲೇ. ಕಾಯಬೇಕಾದ್ದನ್ನು ಅಷ್ಟು ಚೆನ್ನಾಗಿ ಕಾದದ್ದರಿಂದಲೇ ಕೆಲಸ ಕೆಟ್ಟಿತು. 1828ರ ಹೊತ್ತಿಗೆ ಡೇವಿಯ ತುಂಡುಗಳನ್ನೆಲ್ಲ ಕಿತ್ತು ಹಾಕಿದರು, ಅವನು ಬಹಳ ನೊಂದುಕೊಂಡ.

ಪಾಪ, ಅವನ ಲೆಕ್ಕ ತಪ್ಪಿರಲಿಲ್ಲ, ಜಾಗ ತಪ್ಪಿತ್ತು ಅಷ್ಟೇ. ಮುಂದೆ ಹಡಗುಗಳು ಕಬ್ಬಿಣದ್ದಾದವು. ಕಬ್ಬಿಣದ ಮೇಲೆ ತಾಮ್ರ ಹೊದಿಸುವ ಹಾಗಿಲ್ಲ, ಹಡಗನ್ನೇ ತಿಂದುಬಿಡುತ್ತದೆ. ಆಗ ಡೇವಿಯ ವಿದ್ಯೆ ಕೈ ಹಿಡಿಯಿತು. ಇವತ್ತು ಉಕ್ಕಿನ ಹಡಗು ಯಾವುದೇ ಇರಲಿ, ತಳದಲ್ಲಿ ಸತುವಿನದೋ ಅಲ್ಯೂಮಿನಿಯಂದೋ ಗಟ್ಟಿಗಳನ್ನು ಕೂರಿಸಿರುತ್ತಾರೆ. ಅವು ಕರಗುತ್ತಾ ಉಕ್ಕನ್ನು ಕಾಯುತ್ತವೆ. ಕರಗಿ ಮುಗಿದ ಮೇಲೆ ಹೊಸದು ಹಾಕಬೇಕು. ನಮ್ಮ ಕೊಟ್ಟಿಗೆಯ ಜಿ.ಐ. ತಗಡು, ಜಿ.ಐ. ಪೈಪು ಕೂಡ ಇದೇ. ಮೇಲಿನ ಸತು ತಾನು ಹೋಗುವವರೆಗೂ ಕಬ್ಬಿಣಕ್ಕೆ ತುಕ್ಕು ಬಿಡುವುದಿಲ್ಲ.

ಚಿಪ್ಪಿಗೆ ಮಾತ್ರ ಬಣ್ಣವೇ ಗತಿಯಾಯಿತು. ಮೊದಲು ತುಕ್ಕು ತಡೆಯುವ ಬಣ್ಣ, ಅದರ ಮೇಲೆ ತಾಮ್ರದ ಪುಡಿ ಸೇರಿದ ವಿಷದ ಬಣ್ಣ. ಹಡಗಿನ ತಳ ಕೆಂಪಗೆ ಇರುವುದನ್ನು ಚಿತ್ರದಲ್ಲಿ ನೋಡಿರುತ್ತೀರಿ, ಅದು ಅಂದಕ್ಕೆ ಬಳಿದದ್ದಲ್ಲ, ತಾಮ್ರದ ಆಕ್ಸೈಡಿನ ಬಣ್ಣವೇ ಕೆಂಪು.

ಮಲ್ಪೆಯಲ್ಲಿ ಆ ಬೋಟಿನವರು ಈ ಬಣ್ಣದ ಡಬ್ಬ ತೋರಿಸಿ ಇದು ವಿಷ, ಕೈಗೆ ಮೆತ್ತಿಕೊಳ್ಳಬೇಡಿ ಅಂದಾಗ ನಮ್ಮ ಹಿರಿಯರು ಒಂದು ಪ್ರಶ್ನೆ ಕೇಳಿದರು. "ಅಲ್ಲ ಯಜಮಾನ್ರೆ, ವಿಷ ಅಂತೀರಿ, ನೀರಿಗೆ ಬಿಟ್ರೆ ಮೀನು ಸಾಯಾಕಿಲ್ವಾ?" ಬೋಟಿನವರು ನಕ್ಕು, "ಸಮುದ್ರ ದೊಡ್ಡದಲ್ವಾ" ಅಂದರು. ಆ ಪ್ರಶ್ನೆ ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಬಂದ ಮೇಲೆ ಹುಡುಕಿ ಓದಿದಾಗ ಗೊತ್ತಾಯಿತು, ನಮ್ಮ ಹಿರಿಯರು ಕೇಳಿದ್ದನ್ನು ಪ್ರಪಂಚವೂ ಕೇಳಿತ್ತು, ಆದರೆ ತಡವಾಗಿ.

1960ರ ದಶಕದಲ್ಲಿ ತವರದಿಂದ ಮಾಡಿದ ಟಿ.ಬಿ.ಟಿ. ಎಂಬ ವಿಷ ಸೇರಿಸಿದ ಬಣ್ಣ ಬಂತು. ತವರ ಅಂದರೆ ನಮ್ಮ ಪಾತ್ರೆಗೆ ಕಲಾಯಿ ಹಾಕುವ ತವರವೇ. ಬರೀ ತವರದಿಂದ ತೊಂದರೆ ಇಲ್ಲ, ಅದರಿಂದ ಮಾಡಿದ ಈ ರಾಸಾಯನಿಕ ಮಾತ್ರ ಘೋರ. ಒಂದು ಸಲ ಬಳಿದರೆ ವರ್ಷಗಟ್ಟಲೆ ಒಂದು ಚಿಪ್ಪೂ ಹತ್ತುತ್ತಿರಲಿಲ್ಲ. ಹಡಗಿನವರಿಗೆ ಹಬ್ಬ. ಆದರೆ 1970ರ ದಶಕದ ಕೊನೆಗೆ ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಸಾಕುವ ರೈತರು ಕಂಗಾಲಾದರು. ಹೌದು, ಅವರೂ ರೈತರೇ, ನೀರಿನಲ್ಲಿ ಬೆಳೆ ತೆಗೆಯುವವರು. ಸಿಂಪಿಯ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿ ಹಿಡಿಯುವುದೇ ನಿಂತಿತು. ಬೇರೆ ಕಡೆ ಹೆಣ್ಣು ಶಂಖದ ಹುಳುಗಳಿಗೆ ಗಂಡಿನ ಅಂಗ ಬೆಳೆದು ಸಂತಾನ ನಿಂತುಹೋಯಿತು. ಅತಿ ಸ್ವಲ್ಪ ವಿಷವೇ ಇಷ್ಟು ಮಾಡಿತ್ತು. ಫ್ರಾನ್ಸ್ ದೇಶ 1982ರಲ್ಲಿ ಸಣ್ಣ ದೋಣಿಗಳಿಗೆ ಇದನ್ನು ನಿಲ್ಲಿಸಿತು. ಪ್ರಪಂಚದ ದೇಶಗಳು 2001ರಲ್ಲಿ ಒಪ್ಪಂದ ಮಾಡಿಕೊಂಡು, ಅದು 2008ರಲ್ಲಿ ಜಾರಿಗೆ ಬಂತು. ಸಿಂಪಿಯವರು ಅತ್ತದ್ದಕ್ಕೂ ಕಾನೂನು ಬಂದದ್ದಕ್ಕೂ ನಡುವೆ ಸುಮಾರು ಮೂವತ್ತು ವರ್ಷ.

ಇದನ್ನು ಓದುವಾಗ ನಮಗೆ ನಮ್ಮ ಸಂಘದ ಕಪಾಟೇ ನೆನಪಾಯಿತು. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಒಳ್ಳೆಯದನ್ನು ಮಾತ್ರ ಬರೆಯುವುದು ವಾಡಿಕೆ, ಆದರೂ ಇದನ್ನು ಮುಚ್ಚಿಡಬಾರದು. ಎಂಡೋಸಲ್ಫಾನ್ ಡಬ್ಬವನ್ನು ನಮ್ಮ ಸಂಘದಲ್ಲೂ ಮಾರಿದ್ದೇವೆ. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತ ಹುಟ್ಟಿದ ಮಕ್ಕಳ ಅವಸ್ಥೆಯನ್ನು ಪತ್ರಿಕೆಯಲ್ಲಿ ನೋಡಿದ ಮೇಲೂ, ಅದು ಹೆಲಿಕಾಪ್ಟರಿನಲ್ಲಿ ಹೊಡೆದದ್ದು, ನಮ್ಮದು ಕೈಪಂಪು, ಏನೂ ಆಗಲ್ಲ ಅಂತ ನಾವೇ ಮಾತಾಡಿಕೊಂಡಿದ್ದುಂಟು. ಸಮುದ್ರ ದೊಡ್ಡದಲ್ವಾ ಅಂತ ಬೋಟಿನವರು ಅಂದದ್ದೂ, ನಾವು ಅಂದದ್ದೂ ಒಂದೇ ಮಾತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ನಿಲ್ಲಿಸಿತು. ಕುಮಟಾ ಕಡೆಯ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಗಂಡಸರು ಬಳಚು ಹೆಕ್ಕಿ ಸಂಸಾರ ನಡೆಸುತ್ತಾರೆ. ಬಳಚು ಎಂದರೆ ಅಲ್ಲಿಯ ಚಿಪ್ಪು ಮೀನು. ಹಡಗಿಗೆ ಹತ್ತುವ ಚಿಪ್ಪನ್ನು ಕೊಲ್ಲುವ ವಿಷಕ್ಕೆ ತಿನ್ನುವ ಚಿಪ್ಪು ಯಾವುದು ಎಂದು ಗುರುತು ಇರುತ್ತದೆಯೆ?

ಟಿ.ಬಿ.ಟಿ. ಹೋದ ಮೇಲೆ ಮತ್ತೆ ತಾಮ್ರದ ಬಣ್ಣವೇ ಹೆಚ್ಚಾಗಿ ಬಂದಿದೆ. ವಿಷವಿಲ್ಲದೆ ಬರೀ ಜಾರುವ ಗುಣದಿಂದ ಚಿಪ್ಪು ಹಿಡಿಯದ ಸಿಲಿಕೋನ್ ಬಣ್ಣಗಳೂ ಇವೆ, ಬೆಲೆ ಜಾಸ್ತಿ. ಮೀನುಗಾರರ ದೋಣಿಗಳ ಬಗ್ಗೆ ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 1957ರಿಂದ ಕೆಲಸ ಮಾಡುತ್ತಿದೆ. ಮರದ ದೋಣಿಗೆ ಔಷಧಿ ಕುಡಿಸುವುದು, ಅಲ್ಯೂಮಿನಿಯಂ ತಗಡು ಹೊದಿಸುವುದು, ಫೈಬರ್ ಹೊದಿಸುವುದು ಇತ್ಯಾದಿ. ಮಲ್ಪೆಯಲ್ಲಿ ನಾವು ನೋಡಿದ ಬೋಟೂ ಒಳಗೆ ಮರ, ಹೊರಗೆ ಫೈಬರ್. ಫೈಬರಿಗೆ ತುಕ್ಕಿಲ್ಲ, ಹುಳ ಕೊರೆಯುವುದಿಲ್ಲ. ಆದರೆ ಚಿಪ್ಪು ಹತ್ತುವುದನ್ನು ಬಿಡಲಿಲ್ಲ, ಕಣ್ಣಾರೆ ಕಂಡೆವು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. ತಳದ ಕೆಲಸ ಹೆಚ್ಚಾಗಿ ಆ ಎರಡು ತಿಂಗಳಲ್ಲಿ ನಡೆಯುತ್ತದೆ. ನಾವು ನೋಡಿದ ಬೋಟು ಏನೋ ಪೆಟ್ಟು ಬಿದ್ದು ಮಧ್ಯದಲ್ಲೇ ದಡ ಹತ್ತಿತ್ತು.

ಮುಂದೆ ಕಾರವಾರಕ್ಕೆ ಹೋದಾಗ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ದಡಕ್ಕೆ ತಂದು ನಿಲ್ಲಿಸಿರುವ ಚಾಪಲ್ ಎಂಬ ಯುದ್ಧದ ಹಡಗನ್ನೂ ನೋಡಿದೆವು. ಟಿಪ್ಪು ಹಡಗು ಕಟ್ಟೆ ಮಾಡಹೊರಟಿದ್ದ ಸದಾಶಿವಗಡ ಅಲ್ಲಿಂದ ಕಾಳಿ ನದಿಯ ಆಚೆ ದಡ. ಕಾರವಾರದ ಹತ್ತಿರವೇ ನೌಕಾಪಡೆಯ ಕದಂಬ ನೆಲೆ ಇದೆ, 2005ರ ಮೇ 31ರಂದು ಶುರುವಾದದ್ದು. ಅಲ್ಲಿ ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಎತ್ತಿ ದಡಕ್ಕೆ ಇಡುವ ಯಂತ್ರ ಇದೆ. ಎತ್ತುವುದು ಯಾಕೆ ಅಂದರೆ ಮಲ್ಪೆಯವರು ದಿಮ್ಮಿಯ ಮೇಲೆ ನಿಲ್ಲಿಸಿ ಮಾಡುತ್ತಿದ್ದ ಕೆಲಸಕ್ಕೇ. ಕೆರೆಯಬೇಕು, ತೊಳೆಯಬೇಕು, ಸತುವಿನ ಗಟ್ಟಿ ಬದಲಾಯಿಸಬೇಕು, ಬಣ್ಣ ಬಳಿಯಬೇಕು. ಆ ನೆಲೆಗಾಗಿ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ ಜಮೀನು ಬಿಟ್ಟುಹೋದವು. ಗೊರೂರು ಅಣೆಕಟ್ಟೆಗೆ ಊರು ಕಳಕೊಂಡವರ ನೆಂಟರು ನಮ್ಮಲ್ಲೂ ಇದ್ದಾರೆ, ಆದ್ದರಿಂದ ಆ ಸಂಗತಿ ಬಿಟ್ಟು ಬರೆಯಲು ಮನಸ್ಸು ಬರಲಿಲ್ಲ.

ಮಲ್ಪೆಯ ಬೋಟಿನವರು ಹೇಳಿದ ಇನ್ನೊಂದು ಮಾತು ಬರೆದು ಮುಗಿಸುತ್ತೇವೆ. ಬಣ್ಣ ಎಷ್ಟು ದುಡ್ಡಿನದಾದರೂ ತರಬಹುದು, ಕೆರೆಯದೆ ಬಳಿದರೆ ಒಂದು ತಿಂಗಳಿಗೆ ಪದರ ಪದರವಾಗಿ ಬರುತ್ತದೆ, ಕೆರೆಯುವುದೇ ಮುಕ್ಕಾಲು ಕೆಲಸ ಎಂದರು. ನಾವು ಮತ್ತು ಆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದರ ಹಿಂದಿನ ವರ್ಷ ತಾನೇ ಗೋದಾಮಿನ ಶಟರಿಗೆ ತುಕ್ಕಿನ ಮೇಲೇ ಬಣ್ಣ ಬಳಿಸಿ, ಸರ್ವಸದಸ್ಯರ ಸಭೆಗೆ ಅಂದವಾಗಿ ಕಾಣಲಿ ಅಂತ ಬಿಲ್ಲು ಪಾಸು ಮಾಡಿದ್ದು ನಾವೇ. ಮೊದಲ ಮಳೆಗಾಲಕ್ಕೇ ಅದು ಹಪ್ಪಳದ ಹಾಗೆ ಎದ್ದಿತ್ತು. ಊರಿಗೆ ಬಂದ ಮೇಲೆ ತಂತಿ ಬ್ರಷ್ಷು ತರಿಸಿ, ಇಬ್ಬರು ಆಳು ಹಾಕಿ ಎರಡು ದಿನ ಬರೀ ಉಜ್ಜಿಸಿ, ಆಮೇಲೆ ರೆಡ್ ಆಕ್ಸೈಡ್ ಹೊಡೆಸಿ, ಅದರ ಮೇಲೆ ಬಣ್ಣ ಹಾಕಿಸಿದೆವು. ಉಜ್ಜಿದ್ದಕ್ಕೆ ಇಷ್ಟು ಕೂಲಿಯಾ ಅಂತ ಸಭೆಯಲ್ಲಿ ಆಕ್ಷೇಪಣೆ ಬಂತು. ಪೊಟ್ಯಾಷ್ ಚೀಲಗಳನ್ನು ಈಗ ಶಟರಿನಿಂದ ಎರಡು ಮೊಳ ದೂರ, ಮರದ ಹಲಗೆಯ ಮೇಲೆ ಜೋಡಿಸುತ್ತಿದ್ದೇವೆ. ಬೆಳ್ಳಿಹಬ್ಬಕ್ಕೆ ಬಂದವರು ಹೋಗುವಾಗ ಶಟರಿನ ಬುಡವನ್ನು ಒಂದು ಸಲ ಬಗ್ಗಿ ನೋಡಿಕೊಂಡು ಹೋಗಬೇಕಾಗಿ ವಿನಂತಿ.